ಮಗನ ಎದೆಯುರಿ ಮತ್ತು ನಮ್ಮ ಮನೆಯ ರಾತ್ರಿ ಊಟ

ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ನನ್ನ ಮಗನಿಗೆ ರಾತ್ರಿ ಕೆಮ್ಮು ಶುರುವಾಯಿತು. 14 ವರ್ಷ, ಒಂಬತ್ತನೇ ಕ್ಲಾಸು. ಸಾಗರದ ಕಡೆ ಆಗ ಇಬ್ಬನಿ, ಚಳಿ ಎರಡೂ ಇರುತ್ತೆ ಅಲ್ವಾ, ಥಂಡಿ ಅಂದುಕೊಂಡೆವು. ಅತ್ತೆ ದಿನಾ ಕಾಳುಮೆಣಸು ಜಜ್ಜಿ ಹಾಕಿ ಕಷಾಯ ಮಾಡಿಕೊಟ್ಟರು. ಕೆಮ್ಮು ಜಾಸ್ತಿಯೇ ಆಯಿತು. ಜ್ವರ ಇಲ್ಲ, ಮೂಗು ಸೋರಲ್ಲ, ಹಗಲು ಕೆಮ್ಮೇ ಇಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಮಾತ್ರ ಓಕರಿಕೆ. ಒಂದು ದಿನ ಅವನೇ ಹೇಳಿದ, "ಅಮ್ಮಾ, ಮಲಗಿದ ಮೇಲೆ ಹುಳಿ ನೀರು ಗಂಟಲಿಗೆ ಬರುತ್ತೆ, ಎದೆ ಉರಿಯುತ್ತೆ." ಇಷ್ಟು ದಿನ ನಾನು ಕೇಳಲೇ ಇಲ್ಲವಲ್ಲ ಅಂತ ಸಂಕಟವಾಯಿತು.

ಮನೆಯಲ್ಲಿ ಇವರ ಗ್ಯಾಸ್ಟ್ರಿಕ್ ಮಾತ್ರೆ ಇತ್ತು. ಅದನ್ನೇ ಕೊಡೋಣ ಅಂತ ಕೈಗೆ ತೆಗೆದುಕೊಂಡವಳು ಮನಸ್ಸು ಬಾರದೆ ಬಿಟ್ಟೆ. ಒಳ್ಳೆಯದೇ ಆಯಿತು, ಮಕ್ಕಳಿಗೆ ತೂಕ ನೋಡಿ ಡೋಸ್ ಕೊಡಬೇಕಂತೆ.

ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ವಾಂತಿಯಲ್ಲಿ ರಕ್ತ ಬಂದಿತ್ತಾ, ಮಲ ಕಪ್ಪಗಿದೆಯಾ, ನುಂಗುವಾಗ ಅನ್ನ ಸಿಕ್ಕಿಕೊಳ್ಳುತ್ತಾ, ತೂಕ ಇಳಿದಿದೆಯಾ ಅಂತ ಒಂದೊಂದೇ ಕೇಳಿದರು. ಇದರಲ್ಲಿ ಒಂದಿದ್ದರೂ ಮನೆಮದ್ದು ಅಂತ ಕೂರಬಾರದು, ಕೂಡಲೇ ಬರಬೇಕು ಅಂದರು. ಇವನಿಗೆ ಯಾವುದೂ ಇರಲಿಲ್ಲ. ಆಮೇಲೆ ಕೇಳಿದ್ದು, "ರಾತ್ರಿ ಊಟ ಎಷ್ಟು ಹೊತ್ತಿಗೆ?"

ಕೊಯ್ಲಿನ ದಿನಗಳಲ್ಲಿ ಅಡಿಕೆ ಸುಲಿದು ಮುಗಿಯುವಾಗಲೇ ಹತ್ತು ಗಂಟೆ. ಎಲ್ಲರೂ ಒಟ್ಟಿಗೆ ಊಟ. ಮಗ ಹೊಟ್ಟೆ ತುಂಬಾ ಅನ್ನ ಉಂಡು, ಮೇಲಿಂದ ಒಂದು ಲೋಟ ಅಪ್ಪೆಹುಳಿ (ಮಾವಿನಕಾಯಿಯ ತೆಳು ಹುಳಿಸಾರು) ಕುಡಿದು ಸೀದಾ ಹಾಸಿಗೆಗೆ ಹೋಗುತ್ತಿದ್ದ. ಅನ್ನನಾಳದ ಕೆಳಗೆ ಹೊಟ್ಟೆಯ ಬಾಯಿ ಮುಚ್ಚುವ ಸ್ನಾಯುವಿನ ಒಂದು ಬಿಗಿ ಇದೆ, ಹೊಟ್ಟೆ ತುಂಬಿದ್ದಾಗಲೇ ಮಲಗಿದರೆ ಅದು ಸಡಿಲವಾದಾಗೆಲ್ಲ ಆಸಿಡ್ ಮೇಲೆ ಹರಿಯುತ್ತೆ, ಅದೇ ಗಂಟಲು ಕೆರೆದು ಕೆಮ್ಮು ಬರಿಸುತ್ತೆ ಅಂತ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು.

ಮಲಗುವುದಕ್ಕೂ ಊಟಕ್ಕೂ ಎರಡು ಮೂರು ಗಂಟೆ ಅಂತರ ಬೇಕು. ಹಾಗಾಗಿ ಇವನಿಗೆ ಏಳೂವರೆಗೇ ಬಡಿಸತೊಡಗಿದೆ. ಕಷ್ಟವಾಗಿದ್ದು ಇದೇ. ಹುಡುಗ ಒಬ್ಬನೇ ಉಣ್ಣಲು ಒಪ್ಪಲಿಲ್ಲ, ನಾನೂ ಸುಲಿಯುವುದು ಬಿಟ್ಟು ಎದ್ದು ಅವನ ಜೊತೆ ಕೂತೆ. ಆಮೇಲೆ ಅತ್ತೆಯೂ ಬಂದರು.

ಆಸಿಡ್ ಮೇಲೆ ಬಾರದಂತೆ ತಲೆ ಎತ್ತರವಾಗಲಿ ಅಂತ ಎರಡು ದಿಂಬು ಇಟ್ಟು ನೋಡಿದ್ದೆ, ಹೊಟ್ಟೆ ಮಡಚಿ ಒತ್ತಡ ಜಾಸ್ತಿಯಾಗುತ್ತೆ, ಪ್ರಯೋಜನ ಇಲ್ಲ. ಇವರು ಮಂಚದ ತಲೆಯ ಕಡೆಯ ಎರಡು ಕಾಲಿಗೆ ಆರಾರು ಇಂಚಿನ ಮರದ ತುಂಡು ಕೊಟ್ಟರು. ಮೊದಲ ದಿನ ಬೆಳಿಗ್ಗೆ ನೋಡಿದರೆ ಮಗ ಜಾರಿ ಕಾಲು ಮಂಚದಿಂದ ಹೊರಗೆ! ಹಾಸಿಗೆ ಕೆಳಗೆ ಗೋಣಿ ಹಾಸಿದ ಮೇಲೆ ಜಾರುವುದು ನಿಂತಿತು. ಎಡ ಮಗ್ಗುಲಿಗೆ ಮಲಗಿದರೂ ಅವನಿಗೆ ಆರಾಮ.

ಪಥ್ಯ ಅಂತ ಎಲ್ಲವನ್ನೂ ನಿಲ್ಲಿಸಲಿಲ್ಲ. ಬೆಳೆಯುವ ಹುಡುಗ, ಊಟವೇ ಕಡಿಮೆಯಾದರೆ ಹೇಗೆ? ಉರಿ ಬಂದ ರಾತ್ರಿ ಅಡುಗೆಮನೆ ಕ್ಯಾಲೆಂಡರಿನಲ್ಲಿ ಗೆರೆ ಹಾಕಿ ಪಕ್ಕದಲ್ಲಿ ಏನು ತಿಂದ ಅಂತ ಬರೆದೆ. ಮೂರು ವಾರದಲ್ಲಿ ಗೊತ್ತಾಯಿತು: ಅಪ್ಪೆಹುಳಿ, ಕರಿದ ಹಪ್ಪಳ, ಸಂಜೆ ಬಸ್‌ಸ್ಟ್ಯಾಂಡಿನ ಕೋಲಾ. ಒಂದೆಲಗದ ತಂಬುಳಿ ಏನೂ ಮಾಡಲಿಲ್ಲ. ಅಪ್ಪೆಹುಳಿ ಈಗ ಮಧ್ಯಾಹ್ನ, ಅರ್ಧ ಲೋಟ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಖಾಲಿ ಹೊಟ್ಟೆಯಲ್ಲಿ ಓಡುವುದನ್ನೂ ನಿಲ್ಲಿಸಿದೆ.

ಡಾಕ್ಟರು ನಾಲ್ಕು ವಾರಕ್ಕೆ ಒಮೆಪ್ರಜೋಲ್ ಅಂತ ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಮಾತ್ರೆ ಬರೆದಿದ್ದರು. ತಿಂಡಿಗೆ ಅರ್ಧ ಗಂಟೆ ಮೊದಲೇ ಕೊಡಬೇಕು, ತಿಂದ ಮೇಲೆ ಕೊಟ್ಟರೆ ಅಷ್ಟು ಕೆಲಸ ಮಾಡಲ್ಲ. ಮುಗಿಯುವ ಹೊತ್ತಿಗೆ ಕೆಮ್ಮು ಹೋಗಿತ್ತು.

ನಮ್ಮ ಮಂಚದ ಸುದ್ದಿ ಕೇಳಿ ತಂಗಿ ತೀರ್ಥಹಳ್ಳಿಯಿಂದ ಫೋನ್ ಮಾಡಿದ್ದಳು. ಅವಳ ಮಗುವಿಗೆ ಮೂರು ತಿಂಗಳು, ಹಾಲು ಕಕ್ಕುತ್ತೆ, ತಲೆ ಎತ್ತರಿಸಿ ಮಲಗಿಸಲಾ ಅಂತ. ಬೇಡವೇ ಬೇಡ ಅಂದೆ. ಆ ವಯಸ್ಸಿನಲ್ಲಿ ಕಕ್ಕುವುದು ಸಾಮಾನ್ಯ, ಒಂದು ಒಂದೂವರೆ ವರ್ಷದೊಳಗೆ ಹೆಚ್ಚಿನ ಮಕ್ಕಳಿಗೆ ತಾನಾಗಿ ಹೋಗುತ್ತೆ. ಕೂಸನ್ನು ಸಮತಟ್ಟಾದ ಹಾಸಿಗೆಯಲ್ಲಿ ಬೆನ್ನ ಮೇಲೆಯೇ ಮಲಗಿಸಬೇಕು, ದಿಂಬು ಬೇಡ. ಹಸಿರು ಬಣ್ಣದ ವಾಂತಿ ಬಂದರೆ ಮಾತ್ರ ಒಂದು ನಿಮಿಷವೂ ಕಾಯಬೇಡ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡು ಅಂತ ಎರಡು ಸಲ ಹೇಳಿದೆ.