ವೇಳಾಪಟ್ಟಿಯೊಳಗೆ ಒಂದು ಸುತ್ತು

ಮುಖ್ಯಶಿಕ್ಷಕರಿಗೆ ಕಲ್ಪನಾಶಕ್ತಿ ಬೇಕು ಎಂದೊಡನೆ ದೂರದೃಷ್ಟಿ, ಕನಸು, ಗೋಡೆಗೆ ಬರೆಸುವ ಘೋಷವಾಕ್ಯಗಳ ಮಾತು ಶುರುವಾಗುತ್ತದೆ. ನನಗೆ ಅದು ಹೆಚ್ಚು ಉಪಯೋಗಕ್ಕೆ ಬಂದಿರುವುದು ವೇಳಾಪಟ್ಟಿ ಹಾಕುವಾಗ.

ಕರಡು ಸಿದ್ಧವಾದರೂ ಕೂಡಲೇ ಸೂಚನಾ ಫಲಕಕ್ಕೆ ಅಂಟಿಸುವುದಿಲ್ಲ. ಓದಿನಲ್ಲಿ ಹಿಂದಿರುವ, ಮಾತು ಕಡಿಮೆಯಿರುವ, ಕೊನೆಯ ಬೆಂಚಿನ ಹುಡುಗಿಯೊಬ್ಬಳನ್ನು ನೆನೆದು ಅವಳ ಮಂಗಳವಾರವನ್ನು ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ಮನಸ್ಸಿನಲ್ಲೇ ಕಳೆಯುತ್ತೇನೆ. ಊಟವಾದ ಮೇಲೆ ಗಣಿತ, ಅದರ ಬೆನ್ನಿಗೇ ವಿಜ್ಞಾನ. ಎರಡರಲ್ಲೂ ಕಪ್ಪುಹಲಗೆ ನೋಡಿ ಬರೆದುಕೊಳ್ಳುವುದೇ ಕೆಲಸ. ಬೆಳಗಿನಿಂದ ಅವಳು ಬಾಯಿ ತೆರೆಯುವ ಸಂದರ್ಭ ಒಂದಾದರೂ ಬಂತೇ? ಕಾಗದದ ಮೇಲೆ ಆ ಪಟ್ಟಿಯಲ್ಲಿ ಹುಳುಕೇ ಇರುವುದಿಲ್ಲ. ಯಾರಿಗೂ ಒಂದೇ ವೇಳೆಗೆ ಎರಡು ತರಗತಿ ಬಿದ್ದಿಲ್ಲ, ವಾರದ ಅವಧಿಗಳ ಲೆಕ್ಕವೂ ತಾಳೆಯಾಗುತ್ತದೆ. ಆಮೇಲೆ ವಿಜ್ಞಾನ ಶಿಕ್ಷಕರಾಗಿ ಇನ್ನೊಂದು ಸುತ್ತು. ಮೇಲಿನ ಮಹಡಿಯಲ್ಲಿ ಪಾಠ ಮುಗಿಸಿ, ಕೆಳಗಿಳಿದು, ಪ್ರಯೋಗಾಲಯದ ಬೀಗ ತೆಗೆದು ಉಪಕರಣ ಜೋಡಿಸಲು ಅವರಿಗೆ ಪುರುಸೊತ್ತು ಎಲ್ಲಿದೆ? ಇಲ್ಲವೆಂದಾದರೆ ಆ ವರ್ಷ ಪ್ರಯೋಗಗಳೆಲ್ಲ ಬಾಯಿಮಾತಿನಲ್ಲೇ ಮುಗಿಯುತ್ತವೆ.

1896ರಲ್ಲಿ ಷಿಕಾಗೊದಲ್ಲಿ ಮಕ್ಕಳಿಗಾಗಿ ಪ್ರಾಯೋಗಿಕ ಶಾಲೆಯೊಂದನ್ನು ಆರಂಭಿಸಿದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ, ಮಕ್ಕಳಿಗೆ ಹೊಂದುವ ಮೇಜುಗಳಿಗಾಗಿ ತಾವು ಅಂಗಡಿ ಅಂಗಡಿ ಅಲೆದುದನ್ನು ಹೇಳಿಕೊಂಡಿದ್ದಾರೆ. ಕೊನೆಗೆ ವ್ಯಾಪಾರಿಯೊಬ್ಬ, ನೀವು ಕೇಳುತ್ತಿರುವುದು ಮಕ್ಕಳು ಕೆಲಸ ಮಾಡುವ ಮೇಜು, ನಮ್ಮಲ್ಲಿರುವುದೆಲ್ಲ ಕುಳಿತು ಕೇಳಿಸಿಕೊಳ್ಳುವ ಮೇಜು ಎಂದನಂತೆ. ಮೇಜು ನೋಡಿಯೇ ತರಗತಿಯಲ್ಲಿ ಏನು ನಡೆಯುತ್ತದೆ ಎಂದು ಹೇಳಬಲ್ಲ ಆ ಮನುಷ್ಯ ಒಳ್ಳೆಯ ಮುಖ್ಯಶಿಕ್ಷಕನಾಗುತ್ತಿದ್ದ ಎಂದು ನನಗೆ ಅನ್ನಿಸುತ್ತದೆ.

ಶಿಕ್ಷಕರ ಸಭೆಗಳಲ್ಲಿ ನಾನು ಬಳಸುವುದು ಬೇರೆ ಉಪಾಯ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರ ಲೇಖನವೊಂದರಲ್ಲಿ ವಿವರಿಸಿದ ಈ ಕ್ರಮಕ್ಕೆ ಪ್ರೀಮಾರ್ಟಮ್ ಎಂದು ಹೆಸರು. ಯೋಜನೆ ಆರಂಭವಾಗುವ ಮೊದಲೇ ಅದು ನೆಲಕಚ್ಚಿದೆ ಎಂದು ಭಾವಿಸಿ, ಕಾರಣಗಳನ್ನು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಬರೆದು, ಸರದಿಯಂತೆ ಓದಬೇಕು. ‘ಏನಾದರೂ ತೊಂದರೆ ಇದೆಯೇ?’ ಎಂದು ಕೇಳಿದರೆ ಮುಖ್ಯಶಿಕ್ಷಕರ ಎದುರು ಯಾರೂ ತುಟಿ ಬಿಚ್ಚುವುದಿಲ್ಲ. ‘ಕೆಟ್ಟುಹೋಗಿದೆ, ಏಕೆ ಹೇಳಿ’ ಎಂದರೆ ಕಾರಣ ಹುಡುಕುವುದೇ ಜಾಣತನವಾಗಿಬಿಡುತ್ತದೆ.

ವಾರಕ್ಕೊಂದು ಗ್ರಂಥಾಲಯ ಅವಧಿ ಇಡುವ ಯೋಜನೆಯನ್ನು ಹೀಗೆ ಚರ್ಚೆಗೆ ಇಟ್ಟೆ. ಮಕ್ಕಳಿಗೆ ಆಸಕ್ತಿಯಿಲ್ಲ, ಮೊಬೈಲ್ ಹಾವಳಿ ಎಂಬ ನಿರೀಕ್ಷಿತ ಕಾರಣಗಳು ಬಂದವು. ಹೊಸದಾಗಿ ಸೇರಿದ್ದ ಶಿಕ್ಷಕಿಯ ಚೀಟಿಯಲ್ಲಿ ಮಾತ್ರ ಎರಡೇ ಸಾಲುಗಳಿದ್ದವು: ಯಾರಾದರೂ ರಜೆ ಹಾಕಿದರೆ ಮೊದಲು ಹೋಗುವುದು ಗ್ರಂಥಾಲಯದ ಅವಧಿ, ಬೀರುವಿನ ಬೀಗದ ಕೈ ಒಬ್ಬರ ಬಳಿಯೇ ಇರುತ್ತದೆ.

ಈಗ ಕೀಲಿ ಶಿಕ್ಷಕರ ಕೊಠಡಿಯ ಮೊಳೆಗೆ ತೂಗುತ್ತದೆ. ಆ ಅವಧಿಯನ್ನು ಬೇರೆ ಪಾಠಕ್ಕೆ ಕೊಡುವಂತಿಲ್ಲ ಎಂದು ವೇಳಾಪಟ್ಟಿಯಲ್ಲೇ ಅಚ್ಚಾಗಿದೆ. ಪರೀಕ್ಷೆ ಹತ್ತಿರವಾದಾಗಲೂ ಈ ನಿಯಮ ಇರಬೇಕೇ ಎಂಬ ವಿಷಯದಲ್ಲಿ ಹಿರಿಯ ಗಣಿತ ಶಿಕ್ಷಕರಿಗೂ ನನಗೂ ಇನ್ನೂ ಒಮ್ಮತವಾಗಿಲ್ಲ.