ಆಂಬುಲೆನ್ಸಿಗೆ ಮೊದಲು ಬರುವವರಿಗೆ ಪಾಠ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಕುಂಬಳೆಯವರೆಗಿನ ಹೆದ್ದಾರಿಯಲ್ಲಿ ಬೈಕ್ ಬಿದ್ದರೆ ಮೊದಲು ಓಡಿ ಬರುವುದು ಊರಿನವರು, ಮತ್ತೆ ಪೊಲೀಸ್ ಜೀಪು. ಯಾರಾದರೂ ವಾಹನದೊಳಗೆ ಸಿಕ್ಕಿಕೊಂಡಿದ್ದರೆ ಫೈರ್ ಫೋರ್ಸಿನವರು. 108 ಬರುವಷ್ಟರಲ್ಲಿ ಎಷ್ಟೋ ಸಲ ಗಾಯಾಳುವನ್ನು ಯಾರದ್ದೋ ಕಾರಿನ ಹಿಂದಿನ ಸೀಟಿಗೆ ತುರುಕಿ ಆಗಿರುತ್ತದೆ. ಕ್ಯಾಶುವಾಲ್ಟಿಯಲ್ಲಿ ನರ್ಸ್ ಆಗಿದ್ದಷ್ಟು ಕಾಲ ಆ ಸೀಟಿನಿಂದ ಜನರನ್ನು ಇಳಿಸಿಕೊಂಡವಳು ನಾನು. ಹಾಗಾಗಿ ಖಾಕಿಯವರಿಗೆ ತರಬೇತಿ ಕೊಡಲು ಕರೆದಾಗ ಒಂದು ವಿಷಯಕ್ಕೇ ಅಂಟಿಕೊಂಡೆ: ಎತ್ತುವ ಮೊದಲಿನ ಎರಡು ನಿಮಿಷ.

ನಮ್ಮಲ್ಲಿ ಆ ಎರಡು ನಿಮಿಷಕ್ಕೆ ಬೆಲೆ ಜಾಸ್ತಿ. ತಲೆಗೆ ದೊಡ್ಡ ಪೆಟ್ಟಾದರೆ ಹೆಚ್ಚಾಗಿ ಮಂಗಳೂರಿಗೇ ಒಯ್ಯುವುದು, ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. 2020ರ ಮಾರ್ಚಿನಲ್ಲಿ ಕೋವಿಡ್ ಲಾಕ್‌ಡೌನಿಗೆ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆ ದೂರ ಎಂಥದ್ದು ಅಂತ ಇಲ್ಲಿಯ ಪ್ರತಿ ಮನೆಗೂ ಗೊತ್ತಾಯಿತು.

ಪೊಲೀಸರನ್ನೂ ಫೈರ್ ಫೋರ್ಸನ್ನೂ ಒಟ್ಟಿಗೆ ಕೂರಿಸಿ ಸ್ಲೈಡ್ ತೋರಿಸುವ ಕ್ರಮ ನನಗೆ ಹಿಡಿಸುವುದಿಲ್ಲ. ಫೈರ್‌ಮ್ಯಾನ್‌ಗೆ ಹಗ್ಗ, ಸ್ಟ್ರೆಚರ್, ಕಟ್ಟರ್ ಎಲ್ಲ ಕೈಗೆ ಒಗ್ಗಿದ್ದು. ಅವನಿಗೆ ಬೇಕಾದ್ದು ಕುತ್ತಿಗೆ ಅಲುಗದಂತೆ ಹೊರತೆಗೆಯುವುದು. ತಲೆ ಹಿಡಿದವನೇ ಆಜ್ಞೆ ಕೊಡಬೇಕು, ಉಳಿದವರು ಅವನ ಎಣಿಕೆಗೆ ಹೊರಳಿಸಬೇಕು. ಹೆಲ್ಮೆಟ್ ತೆಗೆಯಲು ಇಬ್ಬರು ಬೇಕು, ಒಬ್ಬ ಎಳೆಯುವಾಗ ಇನ್ನೊಬ್ಬನ ಕೈ ಕುತ್ತಿಗೆಯ ಹಿಂದೆ ಇರಲೇಬೇಕು. ಪೊಲೀಸನಾದರೋ ಹೆಚ್ಚಾಗಿ ಒಬ್ಬನೇ ಇರುತ್ತಾನೆ, ಸುತ್ತ ಮೊಬೈಲ್ ಹಿಡಿದ ಗುಂಪು. ಅವನಿಗೆ ರಕ್ತ ನಿಲ್ಲಿಸುವುದೂ ಉಸಿರಿನ ದಾರಿ ತೆರೆದಿಡುವುದೂ ಬಂದರೆ ಸಾಕು.

ರಕ್ತದ ಪಾಠಕ್ಕೆ ನಾನು ಕೆಂಪು ನೀರಿನ ಬಾಟಲಿ, ಸಪೂರ ಪೈಪು, ಸೀಳಿದ ಫೋಮ್ ತುಂಡು ಒಯ್ಯುತ್ತೇನೆ. ಬಾಟಲಿ ಹಿಂಡಿದರೆ ಸೀಳಿನಿಂದ ಚಿಮ್ಮುತ್ತದೆ. ಎಲ್ಲರೂ ಮೊದಲು ಮಾಡುವುದು ಒಂದೇ: ಬೈರಾಸು ಮೇಲಿಟ್ಟು ಸುತ್ತುವುದು. ಬೈರಾಸು ಒದ್ದೆಯಾಗುತ್ತದೆ, ನೀರು ನಿಲ್ಲುವುದಿಲ್ಲ. ಆಮೇಲೆ ಬಟ್ಟೆಯನ್ನು ಬೆರಳಿನಿಂದ ಸೀಳಿನ ತಳದವರೆಗೆ ತುಂಬಿಸಿ, ಎರಡೂ ಅಂಗೈ ಇಟ್ಟು ಮೈಭಾರ ಹಾಕಲು ಹೇಳುತ್ತೇನೆ. ನಿಲ್ಲುತ್ತದೆ. ನಡುವೆ ಎತ್ತಿ ನೋಡುವ ಚಪಲ ಬಿಡಿಸುವುದೇ ಕಷ್ಟ. ಕೈಕಾಲಿನ ರಕ್ತ ಅದಕ್ಕೂ ಬಗ್ಗದಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲಿನ ಮೇಲೆ ಬಾರದಂತೆ ಅಗಲ ಪಟ್ಟಿ ಕಟ್ಟಿ, ಕೋಲು ತೂರಿಸಿ ತಿರುಗಿಸಿ, ಕಟ್ಟಿದ ಹೊತ್ತನ್ನು ಪೆನ್ನಿನಿಂದ ಗಾಯಾಳುವಿನ ಹಣೆಯಲ್ಲೇ ಬರೆಯಬೇಕು. ಹಾವು ಕಚ್ಚಿದವನಿಗೆ ಮಾತ್ರ ಈ ಕಟ್ಟು ಕೂಡದು ಅಂತ ಅಲ್ಲೇ ಸೇರಿಸುತ್ತೇನೆ, ಇಲ್ಲದಿದ್ದರೆ ತೋಟದ ಊರಲ್ಲಿ ಎರಡೂ ಕಲಸಿಹೋಗುತ್ತವೆ.

ಸಿಪಿಆರ್‌ನಲ್ಲಿ, ಅಂದರೆ ಹೃದಯ ನಿಂತವನ ಎದೆ ಒತ್ತುವುದರಲ್ಲಿ, ಫೈರ್ ಫೋರ್ಸಿನ ಹುಡುಗರದ್ದು ವಿಪರೀತ ವೇಗ. ನಿಮಿಷಕ್ಕೆ 100ರಿಂದ 120, ಎದೆ 5 ಸೆಂಟಿಮೀಟರ್ ತಗ್ಗಬೇಕು, ಪ್ರತಿ ಒತ್ತಿನ ನಂತರ ಪೂರ್ತಿ ಮೇಲೆ ಬರಬೇಕು. ಹೊಟ್ಟೆ ಬಂದ ಹೆಡ್ ಕಾನ್‌ಸ್ಟೇಬಲ್‌ಗಳು ಒಂದು ನಿಮಿಷಕ್ಕೇ ಏದುತ್ತಾರೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಉಸಿರಾಟ ಅಲ್ಲ, ಒತ್ತಲು ಶುರು ಮಾಡಿ ಅಂತ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಹೃದಯ ನಿಂತವನಿಗೆ ಸಿಪಿಆರ್ ಇಲ್ಲದೆ ಹೋದ ಪ್ರತಿ ನಿಮಿಷವೂ ಬದುಕುವ ಸಾಧ್ಯತೆಯಲ್ಲಿ 7ರಿಂದ 10 ಶೇಕಡ ಕಳೆಯುತ್ತದೆ. ಅಮೆರಿಕದ ರೋಚೆಸ್ಟರ್ ಎಂಬಲ್ಲಿ 1990ರಲ್ಲೇ ಪೊಲೀಸ್ ಕಾರಿನಲ್ಲಿ ಹೃದಯಕ್ಕೆ ಶಾಕ್ ಕೊಡುವ ಯಂತ್ರ ಇಟ್ಟರು. ನಮ್ಮ ಜೀಪಿಗೆ ಅದು ಬರುವವರೆಗೆ ಕೈಯೇ ಯಂತ್ರ.

ಮಳೆಗಾಲದಲ್ಲಿ ಕೆಂಪುಕಲ್ಲಿನ ಕೋರೆಗಳಲ್ಲಿ ನೀರು ತುಂಬಿ ಮಕ್ಕಳು ಮುಳುಗುವುದುಂಟು. ಮೇಲೆತ್ತಿದ ಕೂಡಲೇ ಹೊಟ್ಟೆ ಒತ್ತುವುದು, ತಲೆಕೆಳಗೆ ಹಿಡಿಯುವುದು ಬೇಡ. ಮುಳುಗಿದವರಿಗೆ ಬೇಕಾದ್ದು ಗಾಳಿ. ಬಾಯಿಗೆ ಉಸಿರು ಕೊಟ್ಟು ಆಮೇಲೆ ಎದೆ ಒತ್ತಬೇಕು.

ಪೊಲೀಸರು ನನ್ನನ್ನು ಕೇಳುವುದು ಬೇರೆಯೇ. "ನಾವು ಕೈಯಿಟ್ಟ ಮೇಲೆ ಸತ್ತರೆ ನಮ್ಮ ತಲೆಗೆ ಬರುವುದಿಲ್ಲವಾ ಸಿಸ್ಟರ್?" ಅದೇ ಹೆದರಿಕೆಯಿಂದ ಊರಿನವರೂ ಹಿಂದೆ ನಿಲ್ಲುತ್ತಾರೆ, ಅದೂ ನಿಮ್ಮನ್ನು ನೋಡಿ, ಅಂತ ಹೇಳುತ್ತೇನೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿತು: ಅಪಘಾತವಾದವನಿಗೆ ಸದುದ್ದೇಶದಿಂದ ನೆರವಾದವನ ಮೇಲೆ ಕೇಸಿಲ್ಲ, ಹೆಸರು ಹೇಳು ಅಂತ ಒತ್ತಾಯಿಸುವಂತಿಲ್ಲ. ಕಾನೂನು ಓದಿಸುವುದಕ್ಕಿಂತ ನಟಿಸಿ ತೋರಿಸುವುದು ನಾಟುತ್ತದೆ. ಒಬ್ಬ ರಿಕ್ಷಾ ಡ್ರೈವರ್, ಒಬ್ಬ ಎಸ್‌ಐ. ಎಸ್‌ಐ ಮೊದಲ ಮಾತಿಗೇ ವಿಳಾಸ ಕೇಳಿದರೆ ಸೋತ. "ಒಳ್ಳೆ ಕೆಲಸ ಮಾಡಿದಿರಿ, ನೀವಿನ್ನು ಹೋಗಬಹುದು" ಅಂದರೆ ಗೆದ್ದ.

ಕಿಟ್ ಬಗ್ಗೆ ಒಂದು ಮಾತು. ಗ್ಲೌಸ್, ಗಾಜ್, ತ್ರಿಕೋನ ಬಟ್ಟೆ, ಬಾಯಿಗೆ ಉಸಿರು ಕೊಡಲು ಪಾಕೆಟ್ ಮಾಸ್ಕ್ ಇಷ್ಟೇ ಸಾಕು. ಆದರೆ ಜೀಪಿನ ಪಾಳಿ ಬದಲಾದಂತೆ ಕಿಟ್‌ಗೆ ಯಜಮಾನ ಇಲ್ಲವಾಗುತ್ತದೆ, ಗ್ಲೌಸ್ ಟೈರ್ ಬದಲಿಸಲು ಹೋಗುತ್ತದೆ. ಈಗ ಲಾಠಿ, ಟಾರ್ಚು ಲೆಕ್ಕ ಹಾಕಿ ಒಪ್ಪಿಸುವ ಪುಸ್ತಕದಲ್ಲೇ ಕಿಟ್‌ನದ್ದೂ ಒಂದು ಸಾಲು ಬರೆಸುತ್ತೇನೆ. ಕಡಿಮೆ ಬಂದರೆ ಪಾಳಿ ಬಿಡುವವನೇ ತುಂಬಿಸಬೇಕು.