ಐಸ್ ಮೇಲೆ ಮೊದಲ ಹೆಜ್ಜೆ: ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಕೆನಡಾಕ್ಕೆ ಬಂದವರಿಗೆ

ಚಳಿಗಾಲದಲ್ಲಿ ಶಾಲೆಯಿಂದ ಚೀಟಿ ಬರುತ್ತದೆ: ಮಕ್ಕಳನ್ನು ಸ್ಕೇಟಿಂಗ್‌ಗೆ ಕರೆದೊಯ್ಯುತ್ತೇವೆ, ಸ್ಕೇಟ್ಸ್ (ಅಡಿಗೆ ಬ್ಲೇಡಿರುವ ಬೂಟು), ಹೆಲ್ಮೆಟ್ ಕಳಿಸಿ. ಸಹಿ ಹಾಕಿ ಕಳಿಸಿಬಿಡಿ. ಹೆಲ್ಮೆಟ್ ಹಾಕಿ ಆಟದ್ದೇ ಆಗಲಿ. ಹಿಂದಲೆ ಕಾಯುವುದು ಅದೇ. ತಲೆ ಕೆಡಿಸಿಕೊಳ್ಳಬೇಕಾದ್ದು ಸ್ಕೇಟ್ಸ್ ಅಳತೆಗೆ.

ನಮ್ಮವರು ಎಡವುವುದೇ ಅಲ್ಲಿ. ‘ಮುಂದಿನ ವರ್ಷಕ್ಕೂ ಆಗಲಿ’ ಅಂತ ದೊಡ್ಡ ಸೈಜು ಕೊಂಡು, ಒಳಗೆ ಎರಡು ಜೊತೆ ಉಣ್ಣೆ ಸಾಕ್ಸ್ ತುರುಕುತ್ತಾರೆ. ಯೂನಿಫಾರ್ಮಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಿಮ್ಮಡಿ ಒಳಗೆ ಮೇಲೆದ್ದರೆ ಕಣಕಾಲು ವಾಲುತ್ತದೆ. ಆಮೇಲೆ ‘ಕಾಲಾಗ ಬಲಾನೇ ಇಲ್ಲ’ ಅಂತ ಕಾಲನ್ನು ಬೈಯುವುದು! ಸಾಮಾನ್ಯವಾಗಿ ದಿನಾ ಹಾಕುವ ಬೂಟಿಗಿಂತ ಒಂದು, ಒಂದೂವರೆ ಸೈಜು ಕಡಿಮೆ ಬೇಕು. ತೆಳು ಸಾಕ್ಸ್, ಒಂದೇ ಜೊತೆ. ಲೇಸು ಬೆರಳ ಹತ್ತಿರ ಸಡಿಲ, ಪಾದ ಕಣಕಾಲಿಗೆ ತಿರುಗುವಲ್ಲಿ ಬಿಗಿ, ಮೇಲ್ತುದಿಯಲ್ಲಿ ಒಂದು ಬೆರಳು ತೂರುವಷ್ಟು ಜಾಗ. ಅಲ್ಲೂ ಬಿಗಿದರೆ ಮೊಣಕಾಲು ಬಾಗದು. ಹೊಸ ಸ್ಕೇಟ್ಸ್ ಎಷ್ಟೋ ಸಲ ಮೊಂಡಾಗಿಯೇ ಬರುತ್ತವೆ, ಅಂಗಡಿಯಲ್ಲೇ ಸಾಣೆ ಹಿಡಿಸಿ.

ಮಳೆಗಾಲದ ಎರೆ ಹೊಲದಲ್ಲಿ ನಡೆದವರಿಗೆ ಅರ್ಧ ವಿದ್ಯೆ ಬಂದಂತೆಯೇ. ಅಲ್ಲಿ ಯಾರೂ ದಾಪುಗಾಲು ಹಾಕುವುದಿಲ್ಲ. ಮೊಣಕಾಲು ಬಗ್ಗಿಸಿ ಪಾದ ಎತ್ತೆತ್ತಿ ಇಡುತ್ತಾರೆ. ಐಸ್ ಮೇಲೂ ಮೊದಲ ಹತ್ತು ನಿಮಿಷ ಹಾಗೇ ನಡೆಯಿರಿ. ಉಳಿದರ್ಧ ಮಾತ್ರ ಉಲ್ಟಾ. ನೆಲವನ್ನು ಹಿಂದಕ್ಕೆ ಒತ್ತಿ ಮುಂದೆ ಹೋಗುವುದು ನಮ್ಮ ರೂಢಿ. ಬ್ಲೇಡು ಹಿಂದಕ್ಕೆ ಒತ್ತಿದರೆ ಜಾರಿಬಿಡುತ್ತದೆ. ಅದರ ಅಡಿಯಲ್ಲೊಂದು ಸಣ್ಣ ತೋಡು, ತೋಡಿನ ಎರಡೂ ಬದಿಗೆ ಅಂಚು. ಹಿಡಿತ ಆ ಅಂಚಿನದು. ಹಿಮ್ಮಡಿ ಕೂಡಿಸಿ, ಬೆರಳು ಹೊರಕ್ಕೆ ತಿರುಗಿಸಿ, ಒಳ ಅಂಚಿನಿಂದ ಪಕ್ಕಕ್ಕೆ ತಳ್ಳಿ. ಕುಣಿತದ ಸ್ಕೇಟಿಂಗಿಗೆ ಹಾಕುವ ಫಿಗರ್ ಸ್ಕೇಟ್ಸ್‌ನ ಮುಂತುದಿಯಲ್ಲಿ ಹಲ್ಲಿರುತ್ತದೆ; ಅದರಿಂದ ತಳ್ಳಲು ಹೋದರೆ ಮುಖ ಐಸಿಗೆ.

ನಿಲ್ಲಲು ಗೋಡೆ ಹುಡುಕಬೇಡಿ. ಬೆರಳು ಒಳಕ್ಕೆ, ಹಿಮ್ಮಡಿ ಹೊರಕ್ಕೆ ಮಾಡಿ ಐಸನ್ನು ಹಗುರಾಗಿ ಹೆರೆಯಿರಿ. ಕೊಬ್ಬರಿ ತುರಿಯಂತೆ ಬಿಳಿ ಪುಡಿ ಎದ್ದರೆ ಸರಿ ಬಂತು. ಹೆಚ್ಚು ವಾಲಿಸಿದರೆ ಬ್ಲೇಡು ಕಚ್ಚಿಕೊಂಡು ಮುಗ್ಗರಿಸುತ್ತೀರಿ.

ಬೀಳುವುದು ಖಾತ್ರಿ. ಹಿಂದಕ್ಕೆ ಕೈಯೂರಿದರೆ ಮಣಿಕಟ್ಟು ಮುರಿಯಬಹುದು. ಮುಷ್ಟಿ ಮಡಚಿ, ಕುಕ್ಕರುಗಾಲಾಗಿ, ಪಕ್ಕದ ಪಿರ್ರೆಯ ಮೇಲೆ ಕೂತುಬಿಡಿ. ಏಳಲು ಮೊದಲು ಅಂಬೆಗಾಲು. ಒಂದು ಪಾದ ಎದುರಿಗಿಟ್ಟು, ಅದೇ ಮೊಣಕಾಲ ಮೇಲೆ ಎರಡೂ ಕೈ ಊರಿ.

ಹೊರಗಿನ ಕೆರೆಯಲ್ಲಿ ಐಸ್ ಕನಿಷ್ಠ 15 ಸೆಂಟಿಮೀಟರ್ ದಪ್ಪ ಇರಬೇಕು, ಅದೂ ಒಬ್ಬರಿಗೆ. ಬಿಳಿ ಐಸು ತಿಳಿ ಐಸಿಗಿಂತ ದುರ್ಬಲ. ಹೊಳೆಯ ತಂಟೆಗೇ ಹೋಗಬೇಡಿ; ಮೇಲೆ ಸುಮ್ಮನಿದ್ದ ನೀರಿನ ಅಡಿಯ ಸೆಳವನ್ನು ಆನೆಗುಂದಿಯಲ್ಲಿ ತೆಪ್ಪ ಹತ್ತಿದವರಿಗೆ ವಿವರಿಸಬೇಕಿಲ್ಲ.

ಅಪ್ಪ ಅಮ್ಮಂದಿರು ರಿಂಕಿನ (ಸ್ಕೇಟಿಂಗ್ ಅಂಗಳದ) ಗಾಜಿನಾಚೆ ಫೋನು ಹಿಡಿದು ನಿಲ್ಲುವುದು ಮಾತ್ರ ಬೇಸರದ ಸಂಗತಿ. ನಾಲ್ಕು ವಾರಕ್ಕೆ ಮಕ್ಕಳು ಗೆಳೆಯರ ಜೊತೆ ರಿಂಕಿನ ನಡುವೆ ಹೋಗಿಬಿಡುತ್ತಾರೆ, ಅಲ್ಲಿಯ ಮಾತೆಲ್ಲ ಇಂಗ್ಲಿಷು. ಅದಕ್ಕೆ ಮುಂಚೆಯೇ ನೀವೂ ಇಳಿಯಿರಿ, ವಯಸ್ಸು ಐವತ್ತಾದರೂ ಸರಿ. ‘ಮಣಕಾಲ ಬಗ್ಗಸಪ್ಪಾ, ಅಂಚಿನ ಮ್ಯಾಲ ನಿಂದ್ರು’ ಅಂತ ಕೂಗಿ. ತಿರುಗಿ ನೋಡಿ ನಗುತ್ತಾರೆ. ಮುಂದಿನ ವಾರ ನೀವು ಮುಗ್ಗರಿಸಿದಾಗ ಅದೇ ಮಾತನ್ನು ನಿಮಗೇ ಕೂಗುತ್ತಾರೆ.

ಮನೆಗೆ ಹೊರಡುವ ಮೊದಲು ಬ್ಲೇಡನ್ನು ಒಣಬಟ್ಟೆಯಿಂದ ಒರೆಸಿ. ಬ್ಲೇಡಿಗೆ ತೊಡಿಸುವ ಪ್ಲಾಸ್ಟಿಕ್ ಕವಚ ನೆಲದ ಮೇಲೆ ನಡೆಯುವಾಗ ಹಾಕಿಕೊಳ್ಳಲು ಮಾತ್ರ. ಅದರಲ್ಲೇ ಬಿಟ್ಟರೆ ನೀರು ನಿಂತು ತುಕ್ಕು ಹಿಡಿಯುತ್ತದೆ.